ಭಿನ್ನಮತದ ನಡುವೆ ಸದ್ಭಾವ: ಒಂದು ಗ್ರಂಥಾವಲೋಕನ

ಒಂದೇ ಕಾರ್ಯಕ್ಕೆ ಹಲವರು ಕೈಜೋಡಿಸಿದಾಗ ಅಭಿಪ್ರಾಯಭೇದ ತಲೆದೋರುವುದು ಸಹಜ. ಒಡಹುಟ್ಟಿದವರು ಕೂಡಿ ನಡೆಸುವ ವ್ಯಾಪಾರದಲ್ಲಿಯೂ ಊರಿನ ಹಿರಿಯರು ಕೂಡಿ ನಡೆಸುವ ಸಂಸ್ಥೆಗಳಲ್ಲಿಯೂ ಇದನ್ನು ನಾವು ದಿನನಿತ್ಯ ಕಾಣುತ್ತೇವೆ. ಅಲ್ಲೆಲ್ಲ ಮನಸ್ತಾಪವನ್ನು ಮಿತಿಯಲ್ಲಿಡುವ ಕಟ್ಟುಪಾಡುಗಳಿರುತ್ತವೆ. ರಕ್ತಸಂಬಂಧವಿದೆ, ಲಾಭದ ಪಾಲಿದೆ, ಹಿರಿಯರ ಮಾತಿದೆ, ನಾಳೆ ಮತ್ತೆ ಮುಖ ನೋಡಬೇಕೆಂಬ ದಾಕ್ಷಿಣ್ಯವಿದೆ. ಇವುಗಳಲ್ಲಿ ಒಂದೂ ಇಲ್ಲದ ಕಡೆ ಜನರು ಹೇಗೆ ಕೂಡಿ ದುಡಿದಾರು? ಸಂಬಳವಿಲ್ಲ, ಲೇಖನದ ಕೆಳಗೆ ಹೆಸರಿಲ್ಲ, ಪರಸ್ಪರ ಮುಖಪರಿಚಯವಿಲ್ಲ. ಇಂತಹ ಅಪರಿಚಿತರು ಕೂಡಿ ಕಟ್ಟಿದ ವಿಶ್ವಕೋಶವೊಂದು ಇಂದು ಮುನ್ನೂರಕ್ಕೂ ಹೆಚ್ಚು ಭಾಷೆಗಳಲ್ಲಿ ಬೆಳೆದಿದೆ. ಅದರ ಇಂಗ್ಲಿಷ್ ಆವೃತ್ತಿಯೊಂದರಲ್ಲೇ ಲೇಖನಗಳ ಸಂಖ್ಯೆ 2025ರಲ್ಲಿ 70 ಲಕ್ಷವನ್ನು ದಾಟಿತು. ಇದು ಹೇಗೆ ಸಾಧ್ಯವಾಯಿತೆಂಬ ಪ್ರಶ್ನೆ ಯಂತ್ರಶಾಸ್ತ್ರಕ್ಕಿಂತ ಹೆಚ್ಚಾಗಿ ನೀತಿಶಾಸ್ತ್ರಕ್ಕೆ ಸೇರಿದ್ದು.

ಈ ಪ್ರಶ್ನೆಯನ್ನೇ ವಸ್ತುವಾಗಿ ಉಳ್ಳ ಗ್ರಂಥ ಅಮೆರಿಕದ ವಿದ್ವಾಂಸ ಜೋಸೆಫ್ ರೀಗಲ್ ಅವರ ‘ಗುಡ್ ಫೇತ್ ಕೊಲ್ಯಾಬೊರೇಷನ್’. ‘ಸದ್ಭಾವದ ಸಹಯೋಗ’ ಎಂದು ಇದನ್ನು ನಾವು ಕರೆಯಬಹುದು. ನ್ಯೂಯಾರ್ಕ್ ವಿಶ್ವವಿದ್ಯಾನಿಲಯಕ್ಕೆ ಅವರು ಸಲ್ಲಿಸಿದ ಸಂಶೋಧನ ಪ್ರಬಂಧದಿಂದ ರೂಪುಗೊಂಡ ಈ ಕೃತಿಯನ್ನು ಎಂಐಟಿ ಮುದ್ರಣಾಲಯವು 2010ರಲ್ಲಿ ಪ್ರಕಟಿಸಿತು. ಒಂದು ಸಮುದಾಯದ ನಡುವೆ ಇದ್ದು ಅದರ ನಡೆನುಡಿಗಳನ್ನು ದಾಖಲಿಸುವ ಮಾನವಶಾಸ್ತ್ರಜ್ಞರ ವಿಧಾನವನ್ನು ಅವರು ಅನುಸರಿಸಿದ್ದಾರೆ. ವಿಕಿಪೀಡಿಯದ ಸಂಪಾದಕರು ಪರಸ್ಪರ ಬರೆದುಕೊಂಡ ಮಾತುಗಳೇ ಅವರ ಮುಖ್ಯ ಆಕರ. ಪ್ರಕಟವಾಗಿ ಹಲವು ವರ್ಷಗಳು ಸಂದಿದ್ದರೂ ಕೃತಿಯ ಪ್ರಶ್ನೆ ಹಳತಾಗಿಲ್ಲ. ಈ ನಡುವಿನ ಅನುಭವದ ಬೆಳಕಿನಲ್ಲಿ ಅದರ ಗುಣದೋಷಗಳನ್ನು ತೂಗಿ ನೋಡುವುದು ಈ ಲೇಖನದ ಉದ್ದೇಶ.

ವಿಷಯದ ಹಿನ್ನೆಲೆಯನ್ನು ಸಂಕ್ಷೇಪವಾಗಿ ಹೇಳುವುದು ಅವಶ್ಯಕ. 2000ದಲ್ಲಿ ಜಿಮ್ಮಿ ವೇಲ್ಸ್ ಮತ್ತು ಲ್ಯಾರಿ ಸ್ಯಾಂಗರ್ ಅವರು ‘ನ್ಯೂಪೀಡಿಯ’ ಎಂಬ ವಿಶ್ವಕೋಶವನ್ನು ಆರಂಭಿಸಿದರು. ತಜ್ಞರು ಬರೆಯಬೇಕು, ಬರೆದುದು ಏಳು ಹಂತಗಳ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು ಎಂಬುದು ಅದರ ಕ್ರಮ. ಫಲವಾಗಿ ಅದು ಮುಚ್ಚುವ ವೇಳೆಗೆ ಪೂರ್ಣಗೊಂಡ ಲೇಖನಗಳು ಬೆರಳೆಣಿಕೆಯ ಡಜನುಗಳಲ್ಲಿಯೇ ಉಳಿದವು. ಇತ್ತ ವಾರ್ಡ್ ಕನ್ನಿಂಗ್‌ಹ್ಯಾಮ್ ಎಂಬವರು 1995ರಲ್ಲಿ ಯಾರು ಬೇಕಾದರೂ ತಿದ್ದಬಹುದಾದ ಪುಟಗಳ ವ್ಯವಸ್ಥೆಯೊಂದನ್ನು ರೂಪಿಸಿದ್ದರು; ಹವಾಯಿ ಭಾಷೆಯಲ್ಲಿ ಶೀಘ್ರ ಎಂಬ ಅರ್ಥದ ‘ವಿಕಿ’ ಶಬ್ದವನ್ನು ಅದಕ್ಕೆ ಇಟ್ಟಿದ್ದರು. 2001ರ ಜನವರಿ 15ರಂದು ಈ ವ್ಯವಸ್ಥೆಯನ್ನು ಬಳಸಿ ವಿಕಿಪೀಡಿಯ ಆರಂಭವಾಯಿತು. ನ್ಯೂಪೀಡಿಯದ ಉಪಾಂಗವಾಗಿ ಹುಟ್ಟಿದ್ದು ಬೇಗನೆ ಮೂಲವನ್ನೇ ಮೀರಿ ಬೆಳೆಯಿತು. ಮೊದಲು ಪರೀಕ್ಷಿಸಿ ಬಳಿಕ ಪ್ರಕಟಿಸುವುದು ಹಳೆಯ ಕ್ರಮ. ಮೊದಲು ಪ್ರಕಟಿಸಿ ಬಳಿಕ ಎಲ್ಲರೂ ಕೂಡಿ ತಿದ್ದುವುದು ಹೊಸ ಕ್ರಮ. ಈ ಒಂದು ಪಲ್ಲಟದಿಂದಲೇ ಸದ್ಭಾವದ ಪ್ರಶ್ನೆ ಹುಟ್ಟಿತು.

ಇಲ್ಲಿಯ ಕಾರ್ಯವಿಧಾನವು ಶುದ್ಧವಾಗಿ ಬರೆದ ಲೆಕ್ಕದ ಪುಸ್ತಕವನ್ನು ನೆನಪಿಗೆ ತರುತ್ತದೆ. ಬಲ್ಲ ಗುಮಾಸ್ತನು ತಪ್ಪು ಬಿದ್ದ ಅಂಕಿಯನ್ನು ಕೆರೆದು ಅಳಿಸುವುದಿಲ್ಲ. ಅದು ಕಾಣುವಂತೆಯೇ ಬಿಟ್ಟು ಸರಿಪಡಿಸುವ ಜಮಾಖರ್ಚನ್ನು ಬೇರೆಯಾಗಿ ಬರೆಯುತ್ತಾನೆ. ವಿಕಿಪೀಡಿಯದ ಪ್ರತಿಯೊಂದು ಲೇಖನದ ಹಿಂದೆಯೂ ಅಂತಹ ಇತಿಹಾಸದ ಪುಟವಿದೆ. ಯಾರು, ಯಾವಾಗ, ಏನನ್ನು ಸೇರಿಸಿದರು, ಏನನ್ನು ತೆಗೆದರು ಎಂಬುದೆಲ್ಲ ಅಲ್ಲಿ ಕ್ರಮವಾಗಿ ನಿಲ್ಲುತ್ತದೆ. ಪಕ್ಕದಲ್ಲಿ ಚರ್ಚೆಯ ಪುಟವಿದೆ. ಏಕೆ ಎಂಬುದಕ್ಕೆ ಅಲ್ಲಿ ಉತ್ತರಿಸಬೇಕು. ಕೆಡಿಸುವುದು ಎಷ್ಟು ಸುಲಭವೋ ಮೊದಲಿನ ಸ್ಥಿತಿಗೆ ತರುವುದೂ ಅಷ್ಟೇ ಸುಲಭ. ಆದ್ದರಿಂದಲೇ ಅಪರಿಚಿತನನ್ನು ನಂಬುವ ಧೈರ್ಯ ಬರುತ್ತದೆ. ಇದು ಗಮನಿಸಬೇಕಾದ ಅಂಶ. ನಂಬಿಕೆ ಕೇವಲ ಹೃದಯದ ಔದಾರ್ಯವಲ್ಲ; ನಷ್ಟವನ್ನು ತುಂಬಿಕೊಳ್ಳಬಲ್ಲ ವ್ಯವಸ್ಥೆಯ ಮೇಲೆ ಅದು ನಿಂತಿದೆ.

ರೀಗಲ್ ಅವರ ವಾದದ ಎರಡು ಆಧಾರಸ್ತಂಭಗಳೆಂದರೆ ತಟಸ್ಥ ದೃಷ್ಟಿಕೋನ ಮತ್ತು ಸದ್ಭಾವ. ಮೊದಲನೆಯದು ಬರೆಯುವ ವಿಷಯಕ್ಕೆ ಸಂಬಂಧಿಸಿದ್ದು: ವಿವಾದವುಳ್ಳ ಸಂಗತಿಯಲ್ಲಿ ಒಂದು ಪಕ್ಷವನ್ನು ಹಿಡಿಯದೆ ಯಾರು ಏನು ಹೇಳುತ್ತಾರೆಂಬುದನ್ನು ಆಧಾರಸಹಿತ ತಿಳಿಸಬೇಕು. ಎರಡನೆಯದು ಬರೆಯುವವರಿಗೆ ಸಂಬಂಧಿಸಿದ್ದು: ಎದುರಿನವನು ವಿಶ್ವಕೋಶದ ಹಿತವನ್ನೇ ಬಯಸುತ್ತಿದ್ದಾನೆಂದು, ವಿರುದ್ಧ ಸಾಕ್ಷ್ಯ ಸಿಗುವವರೆಗೆ, ಭಾವಿಸಬೇಕು. ತುಂಡುಗಳನ್ನು ಜೋಡಿಸಿ ಚಿತ್ರ ಮಾಡುವ ಆಟದ ಹೋಲಿಕೆಯನ್ನು ಲೇಖಕರು ಕೊಡುತ್ತಾರೆ. ತಟಸ್ಥತೆಯಿಂದ ತುಂಡುಗಳು ಹೊಂದಿಕೊಳ್ಳುತ್ತವೆ. ಸದ್ಭಾವದಿಂದ ಜೋಡಿಸುವ ಕೈಗಳು ಹೊಂದಿಕೊಳ್ಳುತ್ತವೆ. ಎದುರಿನವರ ಒಳ್ಳೆಯತನದ ಊಹೆ, ತಾಳ್ಮೆ, ಸಭ್ಯತೆ, ವಿನೋದ, ಈ ನಾಲ್ಕನ್ನೂ ಅವರು ಸದ್ಭಾವದ ಅಂಗಗಳನ್ನಾಗಿ ವಿವರಿಸುವ ಅಧ್ಯಾಯ ಕೃತಿಯ ಹೃದಯಭಾಗ. ವಿನೋದಕ್ಕೆ ಅವರು ಕೊಟ್ಟ ಸ್ಥಾನ ವಿಶೇಷವಾಗಿ ಮೆಚ್ಚತಕ್ಕದ್ದು. ತನ್ನನ್ನು ನೋಡಿ ತಾನು ನಗಬಲ್ಲವನಿಗೆ ಹಠ ಬಹುಕಾಲ ಅಂಟಿಕೊಳ್ಳದು.

ಈ ಗುಣಗಳ ಪರೀಕ್ಷೆ ನಡೆದ ಪ್ರಸಂಗಗಳು ಹಲವು. ಮೊಸರನ್ನು ಕುರಿತ ಇಂಗ್ಲಿಷ್ ಲೇಖನದ ಶೀರ್ಷಿಕೆಯಲ್ಲಿ ‘ಎಚ್’ ಅಕ್ಷರ ಇರಬೇಕೆ ಬೇಡವೆ ಎಂಬ ವಾದ 2003ರಿಂದ 2011ರವರೆಗೆ ಬಿಟ್ಟುಬಿಟ್ಟು ನಡೆಯಿತು. ಮೊಸರಿನಲ್ಲಿ ಕಲ್ಲು ಹುಡುಕುವುದೆಂದರೆ ಇದೇ ಎಂದು ನಗಬಹುದು; ಇಂತಹ ಕ್ಷುಲ್ಲಕ ಕಲಹಗಳ ಪಟ್ಟಿಯೊಂದನ್ನು ಸಂಪಾದಕರೇ ಮಾಡಿಟ್ಟು ನಗುತ್ತಾರೆ. ಆದರೆ ಹೆಸರಿನ ಜಗಳವೆಲ್ಲ ಹಾಸ್ಯದ್ದಲ್ಲ. ಪೋಲೆಂಡಿನ ಗ್ದಾನ್‌ಸ್ಕ್ ಪಟ್ಟಣವನ್ನು ಜರ್ಮನರು ಡಾನ್‌ಜಿಗ್ ಎಂದು ಕರೆಯುತ್ತಿದ್ದರು. ಆ ಎರಡು ಹೆಸರುಗಳ ಹಿಂದೆ ಶತಮಾನಗಳ ರಾಜ್ಯಕಲಹವೂ ಎರಡನೆಯ ಮಹಾಯುದ್ಧದ ರಕ್ತವೂ ಇವೆ. ಒಬ್ಬರು ಬರೆದುದನ್ನು ಇನ್ನೊಬ್ಬರು ಅಳಿಸುತ್ತ ನಡೆದ ದೀರ್ಘ ಹೋರಾಟದ ಬಳಿಕ 2005ರಲ್ಲಿ ಮತ ಹಾಕಿ ಒಂದು ನಿರ್ಣಯಕ್ಕೆ ಬಂದರು: 1308ರಿಂದ 1945ರವರೆಗಿನ ಸಂದರ್ಭಗಳಲ್ಲಿ ಡಾನ್‌ಜಿಗ್ ಎಂದೂ ಉಳಿದ ಕಾಲಕ್ಕೆ ಗ್ದಾನ್‌ಸ್ಕ್ ಎಂದೂ ಬರೆಯತಕ್ಕದ್ದು. ಯಾವ ಪಕ್ಷವೂ ಪೂರ್ತಿ ಗೆಲ್ಲಲಿಲ್ಲ, ಯಾವುದೂ ಪೂರ್ತಿ ಸೋಲಲಿಲ್ಲ. ಯಾವ ಕಾಲದ ಮಾತೆಂಬುದನ್ನು ಸೇರಿಸಿಕೊಂಡರೆ ಎರಡು ಹೆಸರುಗಳೂ ಸತ್ಯವೇ. ಅಪೇಕ್ಷೆಯನ್ನು ಹೇಳದೆ ಆಡಿದ ಮಾತಿನಿಂದ ಎಷ್ಟು ಕಲಹ ಹುಟ್ಟುತ್ತದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ದುರ್ಲಭ.

ಸಹಮತವನ್ನು ಕುರಿತ ಅಧ್ಯಾಯವೂ ಬೆಲೆಯುಳ್ಳದ್ದು. ಕ್ವೇಕರ್ ಪಂಥದವರು ಮತ ಎಣಿಸದೆ ಸಭೆಯ ಒಮ್ಮನಸ್ಸನ್ನು ಕಾಯುವ ಪದ್ಧತಿಯೊಡನೆ ವಿಕಿಪೀಡಿಯದ ಕ್ರಮವನ್ನು ಲೇಖಕರು ಹೋಲಿಸುತ್ತಾರೆ. ಕ್ವೇಕರ್ ಸಭೆಯಲ್ಲಿ ಯಾರು ಸದಸ್ಯರೆಂಬುದು ಗೊತ್ತಿರುತ್ತದೆ. ಇಲ್ಲಿ ಇಂದು ಒಪ್ಪಿದವರು ನಾಳೆ ಇರುವುದಿಲ್ಲ, ನಾಳೆ ಬಂದವರು ಇಂದಿನ ಒಪ್ಪಂದವನ್ನು ಅರಿಯರು. ಆದುದರಿಂದ ಮಾತು ಮುಗಿಯುವುದೇ ಇಲ್ಲ. ಈ ತೊಡಕನ್ನು ಲೇಖಕರು ಮರೆಮಾಚದೆ ತೋರಿಸಿರುವುದು ಅವರ ಪ್ರಾಮಾಣಿಕತೆಗೆ ಸಾಕ್ಷಿ. ಸಾರ್ವತ್ರಿಕ ವಿಶ್ವಕೋಶದ ಕನಸು ಕಂಡ ಪಾಲ್ ಆಟ್ಲೆ, ಎಚ್. ಜಿ. ವೆಲ್ಸ್ ಮೊದಲಾದವರ ವೃತ್ತಾಂತವೂ ಓದಲು ಯೋಗ್ಯವಾಗಿದೆ.

ಇನ್ನು ಆಕ್ಷೇಪಗಳಿಗೆ ಬರೋಣ. ಚಿತ್ರದ ತುಂಡುಗಳ ಹೋಲಿಕೆ ರಮ್ಯವಾಗಿದೆ, ಆದರೆ ಸಾಲದು. ಆ ಆಟದಲ್ಲಿ ಚಿತ್ರ ಮೊದಲೇ ಸಿದ್ಧವಿರುತ್ತದೆ, ಅದನ್ನು ಕತ್ತರಿಸಿದವನೊಬ್ಬನಿರುತ್ತಾನೆ, ಪ್ರತಿ ತುಂಡಿಗೂ ಒಂದೇ ಸ್ಥಾನ. ಮನುಷ್ಯರ ವಿವಾದ ಹಾಗಿಲ್ಲ. ನಮ್ಮ ರಾಜಧಾನಿಯ ಹೆಸರನ್ನೇ ನೋಡಿ. 2014ರ ನವೆಂಬರ್ 1ರಿಂದ ಇಂಗ್ಲಿಷಿನಲ್ಲಿಯೂ ಅದು ಅಧಿಕೃತವಾಗಿ ‘ಬೆಂಗಳೂರು’ ಆಯಿತು. ಆದರೂ ಹಲವು ವರ್ಷ ಇಂಗ್ಲಿಷ್ ವಿಕಿಪೀಡಿಯದ ಲೇಖನ ‘ಬ್ಯಾಂಗಲೋರ್’ ಎಂಬ ಶೀರ್ಷಿಕೆಯಲ್ಲಿಯೇ ಉಳಿಯಿತು. ಸರ್ಕಾರದ ಆಜ್ಞೆಗಿಂತ ಇಂಗ್ಲಿಷ್ ಬರಹಗಳಲ್ಲಿ ರೂಢಿಯಾದ ಹೆಸರಿಗೆ ಮನ್ನಣೆ ಎಂಬುದು ಅಲ್ಲಿಯ ನಿಯಮ. ಬದಲಿಸಬೇಕೆಂದವರು, ಬೇಡವೆಂದವರು, ಇಬ್ಬರೂ ಸದ್ಭಾವವುಳ್ಳವರೇ ಇರಬಹುದು. ಭೇದವಿದ್ದದ್ದು ಯಾವ ಪ್ರಮಾಣವನ್ನು ಒಪ್ಪಬೇಕೆಂಬುದರಲ್ಲಿ. ನಯಭೇದದ ಪರಿಚಯವುಳ್ಳ ಈ ಪತ್ರಿಕೆಯ ವಾಚಕರಿಗೆ ಇದು ಹೊಸ ಮಾತಲ್ಲ. ಆದರೆ ಆ ತಟಸ್ಥತೆಯೇ ನಮ್ಮ ಅನೇಕಾಂತವೆಂದು ಹಿಗ್ಗಲು ಅವಸರ ಬೇಡ. ಪ್ರಮಾಣಭೂತ ಬರಹಗಳಲ್ಲಿ ಯಾವ ಅಭಿಪ್ರಾಯಕ್ಕೆ ಎಷ್ಟು ಆಧಾರವಿದೆಯೋ ಅಷ್ಟು ಸ್ಥಾನ ಎಂಬುದು ಅಲ್ಲಿಯ ಅಳತೆ. ವಸ್ತುವಿನ ಸ್ವರೂಪವನ್ನು ಕುರಿತ ಪ್ರಶ್ನೆಯನ್ನು ಅದು ಎತ್ತುವುದಿಲ್ಲ. ಬರವಣಿಗೆಯ ಬಲವಿಲ್ಲದ ಜನರ ದೃಷ್ಟಿ ಆ ತಕ್ಕಡಿಯಲ್ಲಿ ಹಗುರವಾಗಿಯೇ ತೂಗುತ್ತದೆ.

ಎರಡನೆಯ ಆಕ್ಷೇಪ ಸದ್ಭಾವವನ್ನು ನಿಯಮವಾಗಿ ಮಾಡಿದುದರ ಬಗ್ಗೆ. ನನ್ನ ಮನಸ್ಸಿಗೆ ನಾನೇ ಹಾಕಿಕೊಂಡ ಅಂಕೆಯಾಗಿರುವವರೆಗೆ ಅದು ಗುಣ. ‘ನೀನು ಸದ್ಭಾವದಿಂದ ನೋಡುತ್ತಿಲ್ಲ’ ಎಂದು ಎದುರಿನವನಿಗೆ ಹೇಳಿದ ಕ್ಷಣ ಅದೇ ಆರೋಪವಾಗುತ್ತದೆ; ಹೇಳಿದವನೇ ಸದ್ಭಾವದಿಂದ ಜಾರಿರುತ್ತಾನೆ. ಒಂದು ದಿನದಲ್ಲಿ ಒಂದು ಪುಟವನ್ನು ಮೂರಕ್ಕಿಂತ ಹೆಚ್ಚು ಬಾರಿ ಹಿಂದಿರುಗಿಸಕೂಡದೆಂಬ ಅವರ ನಿಯಮ ಕೈಯನ್ನು ತಡೆಯಬಲ್ಲದು, ಮನಸ್ಸನ್ನಲ್ಲ. ಜನಾಂಗದ್ವೇಷಿಗಳ ಗುಂಪೊಂದು 2005ರಲ್ಲಿ ತಮಗೆ ಬೇಕಾದ ಲೇಖನವನ್ನು ಉಳಿಸಿಕೊಳ್ಳಲು ಹೊರಗಿನಿಂದ ಬೆಂಬಲಿಗರನ್ನು ಕೂಡಿಸಲು ಯತ್ನಿಸಿದ ಪ್ರಸಂಗದಿಂದಲೇ ರೀಗಲ್ ತಮ್ಮ ಗ್ರಂಥವನ್ನು ತೆರೆಯುತ್ತಾರೆ. ದುರುದ್ದೇಶವೇ ಸ್ಪಷ್ಟವಾಗಿರುವಲ್ಲಿ ಸದ್ಭಾವದ ಊಹೆ ಎಲ್ಲಿಯವರೆಗೆ? ಪ್ರಶ್ನೆಯನ್ನು ಅವರು ಧೈರ್ಯವಾಗಿ ಎತ್ತಿದ್ದಾರೆ. ಉತ್ತರವಾಗಿ ಸಮುದಾಯದ ತಾಳ್ಮೆಯ ಚಿತ್ರಣ ದೊರೆಯುತ್ತದೆಯೇ ಹೊರತು ಸೀಮಾರೇಖೆ ದೊರೆಯುವುದಿಲ್ಲ.

ಮೂರನೆಯದು ಎಲ್ಲಕ್ಕಿಂತ ಗುರುತರವಾದುದು. ಕೃತಿಯ ಒತ್ತು ಒಬ್ಬ ಸಂಪಾದಕನು ಇನ್ನೊಬ್ಬನೊಡನೆ ನಡೆದುಕೊಳ್ಳುವ ರೀತಿಯ ಮೇಲಿದೆ. ಆದರೆ ಪ್ರತಿ ಚರ್ಚೆಯಲ್ಲಿಯೂ ಮಾತನಾಡದ ಮೂರನೆಯವನೊಬ್ಬನಿರುತ್ತಾನೆ: ಯಾರನ್ನು ಕುರಿತು ಬರೆಯಲಾಗಿದೆಯೋ ಅವನು. ಅಮೆರಿಕದ ಹಿರಿಯ ಪತ್ರಕರ್ತ ಜಾನ್ ಸೀಗೆನ್‌ಥಾಲರ್ ಅವರನ್ನು ಕುರಿತ ಲೇಖನದಲ್ಲಿ, ಕೆನಡಿ ಸಹೋದರರ ಕೊಲೆಯಲ್ಲಿ ಅವರ ಮೇಲೆ ಸಂಶಯವಿತ್ತೆಂಬ ಕಟ್ಟುಕತೆಯನ್ನು 2005ರ ಮೇ ತಿಂಗಳಲ್ಲಿ ಯಾರೋ ಸೇರಿಸಿದರು. ರಾಬರ್ಟ್ ಕೆನಡಿಯವರ ಶವಪೆಟ್ಟಿಗೆಗೆ ಹೆಗಲು ಕೊಟ್ಟವರ ಮೇಲೆಯೇ ಈ ಅಪವಾದ! ಅದು ಸುಮಾರು ನಾಲ್ಕು ತಿಂಗಳು ಹಾಗೆಯೇ ನಿಂತಿತು. ಅವರು ಪತ್ರಿಕೆಯಲ್ಲಿ ನೋವನ್ನು ತೋಡಿಕೊಂಡ ಬಳಿಕ, ನೋಂದಾಯಿಸದವರು ಹೊಸ ಲೇಖನ ಆರಂಭಿಸಕೂಡದೆಂಬ ನಿರ್ಬಂಧವೂ, ಜೀವಂತ ವ್ಯಕ್ತಿಗಳ ಬಗ್ಗೆ ಬರೆಯುವಾಗ ಹೆಚ್ಚಿನ ಎಚ್ಚರ ಬೇಕೆಂಬ ನೀತಿಯೂ ಬಂದವು. ಪಾಲುಗಾರರು ಪರಸ್ಪರ ನಂಬುವುದು ಒಳ್ಳೆಯದೇ; ಆದರೆ ಆ ನಂಬಿಕೆಯ ನಷ್ಟವನ್ನು ಅಂಗಡಿಯ ಹೊರಗಿನವನು ಹೊರುವಂತಾದರೆ ಅದನ್ನು ಔದಾರ್ಯವೆನ್ನಲಾಗದು. ಬರೆದವನಿಗೆ ಪುಟವನ್ನು ಹಿಂದಿರುಗಿಸುವುದು ಒಂದು ಕ್ಷಣದ ಕೆಲಸ. ಬರೆಸಿಕೊಂಡವನಿಗೆ ಹೋದ ಮಾನ ಹಾಗೆ ಹಿಂದಿರುಗದು.

ಹೊರಗೆ ನಿಂತ ಇನ್ನೊಬ್ಬನೂ ಇದ್ದಾನೆ: ಹೊಸಬ. ‘ಹೊಸಬರನ್ನು ಕಚ್ಚಬೇಡಿ’ ಎಂಬ ಸೂಚನೆಯೇ ವಿಕಿಪೀಡಿಯದಲ್ಲಿದೆ. ಆದರೆ ಇಂಗ್ಲಿಷ್ ಆವೃತ್ತಿಯಲ್ಲಿ ಸಕ್ರಿಯ ಸಂಪಾದಕರ ಸಂಖ್ಯೆ 2007ರಲ್ಲಿ ಶಿಖರವನ್ನು ಮುಟ್ಟಿ ಬಳಿಕ ವರ್ಷಗಳ ಕಾಲ ಇಳಿಯಿತು. ಸದ್ಭಾವದಿಂದ ಬಂದ ಹೊಸಬರ ತಿದ್ದುಪಡಿಗಳನ್ನು ಯಾಂತ್ರಿಕ ಸಾಧನಗಳ ನೆರವಿನಿಂದ ಅವಸರವಾಗಿ ತಳ್ಳಿಹಾಕಿದುದು ಇದಕ್ಕೆ ಒಂದು ಮುಖ್ಯ ಕಾರಣವೆಂದು ಆರನ್ ಹಾಫೇಕರ್ ಮತ್ತು ಸಂಗಡಿಗರು 2013ರಲ್ಲಿ ತೋರಿಸಿದರು. ಆ ದಶಕದ ಆರಂಭದ ಸಮೀಕ್ಷೆಗಳಲ್ಲಿ ಸ್ತ್ರೀಯರ ಪಾಲು ನೂರಕ್ಕೆ 15ನ್ನೂ ಮುಟ್ಟಿರಲಿಲ್ಲ. ಕೋಟೆಯನ್ನು ಕಾಯಲೆಂದು ಕಟ್ಟಿದ ಗೋಡೆ ಅತಿಥಿಯನ್ನೂ ತಡೆಯಿತು. ರೀಗಲ್ ಅವರ ಗ್ರಂಥದಲ್ಲಿ ಈ ನೆರಳು ಮಸುಕಾಗಿದೆ. ಬಳಿಕ ಅವರೇ ಈ ವಿಶ್ವಕೋಶದ ಲಿಂಗಪಕ್ಷಪಾತವನ್ನು ಕುರಿತು ಸಂಶೋಧನೆ ನಡೆಸಿದರೆಂಬುದನ್ನು ನ್ಯಾಯದೃಷ್ಟಿಯಿಂದ ಹೇಳಲೇಬೇಕು.

ಇಷ್ಟು ಆಕ್ಷೇಪಗಳ ನಂತರವೂ ಗ್ರಂಥದ ತಿರುಳು ಕುಂದುವುದಿಲ್ಲ. ವಾದದಲ್ಲಿ ಸೋತವನು ಮರುದಿನ ಅದೇ ಪುಟಕ್ಕೆ ಬಂದು ಗೆದ್ದವನ ವಾಕ್ಯದಲ್ಲಿ ಬಿಟ್ಟುಹೋದ ಅಲ್ಪವಿರಾಮವನ್ನು ಸೇರಿಸುವಂತಹ ಲೋಕವೊಂದು ಸಾಧ್ಯವೆಂದು ಅದು ತೋರಿಸುತ್ತದೆ. ಭಿನ್ನಮತ ಅಲ್ಲಿ ಅಡ್ಡಿಯಲ್ಲ, ಕೆಲಸದ ಸಾಧನ. ಒಪ್ಪದವನೊಬ್ಬನು ಆಧಾರ ಕೇಳಿದುದರಿಂದಲೇ ಎಷ್ಟೋ ಲೇಖನಗಳು ಗಟ್ಟಿಯಾಗಿವೆ.

2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯಕ್ಕೂ ಈ ವಿವೇಚನೆ ಅನ್ವಯಿಸುತ್ತದೆ. ಅಲ್ಲಿ ದುಡಿಯುವ ಕೈಗಳು ಇಂಗ್ಲಿಷಿನ ಮುಂದೆ ತೀರ ಕಡಿಮೆ. ಕೈಗಳು ಕಡಿಮೆಯಿರುವಲ್ಲಿ ಜಗಳ ಕಡಿಮೆಯಾಗಬಹುದು. ಆದರೆ ತಪ್ಪನ್ನು ತೋರಿಸುವವರೂ ಕಡಿಮೆಯಾಗುತ್ತಾರೆ. ಯಾರೂ ತಿದ್ದದ ಪುಟ ಒಪ್ಪಿತವಾದ ಪುಟವಲ್ಲ, ಯಾರೂ ಓದದ ಪುಟವೂ ಆಗಿರಬಹುದು. ಆದುದರಿಂದ ಬಲ್ಲವರು ಹೊರಗೆ ನಿಂತು ದೂಷಿಸುವುದಕ್ಕಿಂತ ಒಳಗೆ ಹೋಗಿ, ಆಧಾರವನ್ನು ಮುಂದಿಟ್ಟು, ಒಂದು ಸಾಲನ್ನಾದರೂ ತಿದ್ದುವುದು ಶ್ರೇಯಸ್ಕರ. ತಿದ್ದುವ ಮುನ್ನ ಎರಡು ಪ್ರಶ್ನೆಗಳನ್ನು ತಮಗೆ ತಾವೇ ಕೇಳಿಕೊಂಡರೆ ಸಾಕು. ಎದುರಿನವನು ಬರೆದುದಕ್ಕೆ ನನಗೆ ತಿಳಿಯದ ಕಾರಣವಿರಬಹುದೆ? ನಾನು ಬರೆಯುವುದರಿಂದ ಇಲ್ಲಿ ಇಲ್ಲದವರಿಗೆ ಹಾನಿಯಾಗುವುದೆ? ಮೊದಲನೆಯದನ್ನು ರೀಗಲ್ ಅವರು ಚೆನ್ನಾಗಿ ಕಲಿಸುತ್ತಾರೆ. ಎರಡನೆಯದನ್ನು ನಾವು ಸೇರಿಸಿಕೊಂಡು ಓದಬೇಕು.