ಕಮಠಾಣದ ದೀರ್ಘ ಎಲ್ಲಿ ಹೋಯಿತು?

ಜಾಲತಾಣ ಕಟ್ಟುವುದನ್ನು ಕಲಿಯಬೇಕೆಂದು ಬರುವ ವಿದ್ಯಾರ್ಥಿಗೆ ಯಾವ ಪಾಠ ಸೂಚಿಸಬೇಕು? ಪೈಥಾನ್ ಭಾಷೆಯನ್ನು ಅಷ್ಟಿಷ್ಟು ಬಲ್ಲವರಿಗೆ ಹಲವರು ಸೂಚಿಸುವುದು ‘ಜ್ಯಾಂಗೋ’ ಚೌಕಟ್ಟಿನ ಅಧಿಕೃತ ಪಾಠವನ್ನು. ಅಮೆರಿಕದ ಕ್ಯಾನ್ಸಸ್ ರಾಜ್ಯದ ಲಾರೆನ್ಸ್ ಪಟ್ಟಣದ ಒಂದು ಪತ್ರಿಕಾ ಕಚೇರಿಯಲ್ಲಿ ಏಡ್ರಿಯನ್ ಹೊಲೊವಾಟಿ ಮತ್ತು ಸೈಮನ್ ವಿಲಿಸನ್ 2003ರಲ್ಲಿ ಇದನ್ನು ರೂಪಿಸತೊಡಗಿದರು. 2005ರಲ್ಲಿ ಇದು ಮುಕ್ತ ತಂತ್ರಾಂಶವಾಗಿ ಹೊರಬಂದಿತು.

ದತ್ತಾಂಶ ಕೂಡಿಡುವುದು, ಪುಟ ತೋರಿಸುವುದು, ಬಳಕೆದಾರರನ್ನು ಗುರುತಿಸುವುದು ಎಲ್ಲ ಜಾಲತಾಣಗಳಿಗೂ ಬೇಕು. ಇವನ್ನು ಸಿದ್ಧವಾಗಿ ಒದಗಿಸುವುದೇ ಚೌಕಟ್ಟು. ಎಂಟು ಭಾಗಗಳ ಈ ಪಾಠದಲ್ಲಿ ವಿದ್ಯಾರ್ಥಿ ಒಂದು ಪುಟ್ಟ ಮತದಾನ ತಾಣವನ್ನು ಕಟ್ಟುತ್ತಾನೆ.

ಪಾಠದ ಗುಣವನ್ನು ಮೊದಲು ಹೇಳೋಣ. ಇಬ್ಬರು ಒಂದೇ ಕ್ಷಣದಲ್ಲಿ ಮತ ಹಾಕಿದರೆ ಏನಾಗುತ್ತದೆ? ಎಣಿಕೆ 10 ಇದ್ದಾಗ ಇಬ್ಬರ ಪರವಾಗಿಯೂ 10 ಎಂದು ಓದಿ, 1 ಕೂಡಿಸಿ, 11 ಎಂದು ಬರೆದರೆ ಒಂದು ಮತ ಕಳೆದುಹೋಯಿತು. ಅದಕ್ಕಾಗಿ ಕೂಡಿಸುವ ಕೆಲಸವನ್ನೇ ದತ್ತಸಂಚಯಕ್ಕೆ ಒಪ್ಪಿಸಬೇಕೆಂದು ಪಾಠ ತೋರಿಸುತ್ತದೆ. ಹೊಸಬರಿಗೂ ಇಂಥ ಸೂಕ್ಷ್ಮವನ್ನು ಮರೆಮಾಚದಿರುವುದು ಒಳ್ಳೆಯ ಶಿಕ್ಷಕನ ಲಕ್ಷಣ.

ಈಗ ಕೊರತೆ. ನಿಮ್ಮ ಊರು ಬೀದರ್ ಬಳಿಯ ಕಮಠಾಣ ಎಂದಿಟ್ಟುಕೊಳ್ಳಿ. ಊರಿನ ಹೆಸರನ್ನು ದತ್ತಸಂಚಯದಲ್ಲಿ ಕನ್ನಡದಲ್ಲೇ ಬರೆದಿಡಿ. ತೊಂದರೆಯಿಲ್ಲ, ಹಾಗೆಯೇ ಉಳಿಯುತ್ತದೆ. ಆ ಹೆಸರಿನಿಂದ ಪುಟದ ವಿಳಾಸ ತಯಾರಿಸಲು ಜ್ಯಾಂಗೋದಲ್ಲಿ ‘ಸ್ಲಗಿಫೈ’ ಎಂಬ ಸಾಧನವಿದೆ. ಅದಕ್ಕೆ ‘ಕಮಠಾಣ’ ಎಂದು ಕೊಟ್ಟರೆ ಬರುವ ಉತ್ತರ ಖಾಲಿ. ಯೂನಿಕೋಡ್‌ಗೆ ಅನುಮತಿ ಕೊಟ್ಟು ಮತ್ತೆ ಕೇಳಿದರೆ ‘ಕಮಠಣ’! ‘ಔರಾದ’ ಎಂಬುದು ‘ಔರದ’ ಆಗುತ್ತದೆ. ‘ಭಾಲ್ಕಿ’ಯಂತೂ ‘ಭಲಕ’ ಆಗಿಬಿಡುತ್ತದೆ.

ಕಾರಣವೇನು? ಯೂನಿಕೋಡ್‌ನಲ್ಲಿ ‘ಠಾ’ ಒಂದು ಸಂಕೇತವಲ್ಲ. ‘ಠ’ ಒಂದು, ದೀರ್ಘದ ಚಿಹ್ನೆ ಇನ್ನೊಂದು. ನಮ್ಮ ಕಾಗುಣಿತದ ಚಿಹ್ನೆಗಳನ್ನೂ ಒತ್ತಕ್ಷರ ಕೂಡಿಸುವ ವಿರಾಮವನ್ನೂ ಯೂನಿಕೋಡ್ ಅಕ್ಷರಗಳ ಗುಂಪಿನಲ್ಲಿಡದೆ, ‘ಗುರುತು’ಗಳೆಂಬ ಬೇರೆ ವರ್ಗದಲ್ಲಿ ಇಟ್ಟಿದೆ. ‘ಸ್ಲಗಿಫೈ’ ಬಳಸುವ ಪೈಥಾನ್‌ನ ಪದ ಹುಡುಕುವ ಸೂತ್ರವು ಅಕ್ಷರ, ಅಂಕಿ, ಅಡಿಗೆರೆಗಳನ್ನು ಮಾತ್ರ ಪದದ ಭಾಗವೆಂದು ಒಪ್ಪುತ್ತದೆ. ಉಳಿದವುಗಳಲ್ಲಿ ಖಾಲಿ ಜಾಗ ಮತ್ತು ಅಡ್ಡಗೆರೆ ಬಿಟ್ಟು ಎಲ್ಲವನ್ನೂ ‘ಸ್ಲಗಿಫೈ’ ಅಳಿಸುತ್ತದೆ. ವಿಚಿತ್ರವೆಂದರೆ, ಅದೇ ಪೈಥಾನ್‌ನಲ್ಲಿ ‘ಕಮಠಾಣ’ ಎಂದು ಚರಾಂಶಕ್ಕೆ ಹೆಸರಿಡಬಹುದು! ಇಂಥ ಗುರುತುಗಳನ್ನೂ ಪದದೊಳಗೆ ಸೇರಿಸಬೇಕೆಂದು ಯೂನಿಕೋಡ್‌ನ 18ನೆಯ ತಾಂತ್ರಿಕ ಮಾನಕ ಶಿಫಾರಸು ಮಾಡಿದೆ.

ಮತದಾನದ ಪಾಠದಲ್ಲಿ ಈ ದೋಷ ಕಾಣಿಸುವುದೇ ಇಲ್ಲ. ಏಕೆಂದರೆ ಅಲ್ಲಿನ ಉದಾಹರಣೆಗಳೆಲ್ಲ ಇಂಗ್ಲಿಷಿನವು, ವಿಳಾಸದಲ್ಲಿರುವುದು ಪ್ರಶ್ನೆಯ ಕ್ರಮಸಂಖ್ಯೆ. ಪ್ರಯೋಗಶಾಲೆಯಲ್ಲಿ ಒಂದೇ ತೂಕದ ಬಟ್ಟಿಟ್ಟು ತಕ್ಕಡಿಯನ್ನು ಪರೀಕ್ಷಿಸಿದರೆ ಸಾಲದೆಂದು ನಾವು ಮಕ್ಕಳಿಗೆ ಹೇಳುತ್ತೇವಲ್ಲವೆ? ಇಲ್ಲಿಯೂ ಅಷ್ಟೆ. ಎರಡು ಮತ ಡಿಕ್ಕಿಯಾಗುವುದನ್ನು ಮುನ್ನೆಚ್ಚರಿಕೆಯಿಂದ ವಿವರಿಸುವ ಪಾಠ, ಇಂಗ್ಲಿಷೇತರ ಹೆಸರೊಂದನ್ನು ಪರೀಕ್ಷೆಗಿಟ್ಟಿದ್ದರೆ ಪರಿಪೂರ್ಣತೆಗೆ ಹತ್ತಿರವಾಗುತ್ತಿತ್ತು.

ಇದರ ಪೆಟ್ಟು ಸಣ್ಣದಲ್ಲ. ತನ್ನ ಊರಿನ ಹೆಸರು ವಿಕಾರವಾದುದನ್ನು ಕಂಡ ಹುಡುಗಿ, ತಾನೇ ತಪ್ಪು ಮಾಡಿದೆನೆಂದು ಭಾವಿಸಬಹುದು. ಇಲ್ಲವೆ ಕನ್ನಡ ಕಂಪ್ಯೂಟರಿಗೆ ಒಗ್ಗದೆಂದು ತೀರ್ಮಾನಿಸಬಹುದು. ಎರಡೂ ನಿಜವಲ್ಲ.

ಆದ್ದರಿಂದ ಶಿಕ್ಷಕರಲ್ಲಿ ಒಂದು ಸೂಚನೆ. ಈ ಪಾಠವನ್ನು ಧೈರ್ಯವಾಗಿ ಕಲಿಸಿ. ಎಂಟು ಭಾಗ ಮುಗಿದ ಮೇಲೆ ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಊರಿನ ಹೆಸರನ್ನು ‘ಸ್ಲಗಿಫೈ’ಗೆ ಕೊಟ್ಟು, ಯಾವ ಚಿಹ್ನೆ ಉದುರಿತೆಂದು ಪಟ್ಟಿ ಮಾಡಲಿ. ಬಳಿಕ, ಗುರುತುಗಳನ್ನು ಉಳಿಸಿಕೊಳ್ಳುವ ಪುಟ್ಟ ಕಾರ್ಯಭಾಗವೊಂದನ್ನು ತಾವೇ ಬರೆಯಲಿ. ಹತ್ತು ಸಾಲು ಸಾಕು. ಕಮಠಾಣಕ್ಕೆ ಅದರ ದೀರ್ಘ ಮರಳಿ ಬಂದಾಗ, ಯೂನಿಕೋಡ್ ಎಂದರೇನು ಎಂಬುದೂ ಅವರಿಗೆ ಗೊತ್ತಾಗಿರುತ್ತದೆ.