ಪ್ರಶ್ನೆಯ ಭಾಷೆ ಮತ್ತು ರೋಗನಿರ್ಣಯ: ತುರೋರಿಯ ಗಡಿಯಿಂದ ಮನೋಶುಶ್ರೂಷೆಯ ಒಂದು ಪರಾಮರ್ಶೆ

ಉಮರ್ಗಾ ತಾಲೂಕಿನ ತುರೋರಿ ಮಹಾರಾಷ್ಟ್ರ ಮತ್ತು ಕರ್ನಾಟಕದ ಗಡಿಯ ಊರು. ಉಮರ್ಗಾ, ನಿಲಂಗಾ, ಉದಗೀರ ತಾಲೂಕುಗಳ ಗಡಿಭಾಗವೆಲ್ಲ 1948ರವರೆಗೆ ಹೈದರಾಬಾದ್ ಸಂಸ್ಥಾನದಲ್ಲಿತ್ತು. 1956ರ ಪುನರ್ವಿಂಗಡಣೆಯಲ್ಲಿ ಮುಂಬಯಿ ರಾಜ್ಯಕ್ಕೂ 1960ರಲ್ಲಿ ಮಹಾರಾಷ್ಟ್ರಕ್ಕೂ ಸೇರಿತು. ಇಲ್ಲಿನ ಕನ್ನಡ ಮನೆಗಳಲ್ಲಿ ಒಲೆಯ ಮುಂದಿನ ಮಾತು ಕನ್ನಡ. ಕಚೇರಿ, ನ್ಯಾಯಾಲಯ, ದವಾಖಾನೆಗಳ ಮಾತು ಮರಾಠಿ. ಗಡಿಯ ಭಾಷಾಪ್ರಶ್ನೆಯನ್ನು ಕುರಿತ ಚರ್ಚೆ ಬಹುಮಟ್ಟಿಗೆ ಶಾಲೆ, ನಾಮಫಲಕ ಮತ್ತು ನೌಕರಿಗಳ ಸುತ್ತಲೇ ನಡೆದಿದೆ. ದವಾಖಾನೆಯ ಭಾಷೆ ಅದರಲ್ಲಿ ಅಷ್ಟಾಗಿ ಸೇರಿಲ್ಲ. ಜ್ವರ ಬಂದವನ ಭಾಷೆ ಯಾವುದಾದರೂ ಉಷ್ಣಮಾಪಕ ಒಂದೇ ಅಂಕಿಯನ್ನು ತೋರಿಸುತ್ತದೆ. ಮನೋರೋಗದಲ್ಲಿ ಆ ಅನುಕೂಲವಿಲ್ಲ. ಅಲ್ಲಿ ಮಾಪಕವೂ ಮಾತು, ಅಳೆಯಬೇಕಾದದ್ದೂ ಬಹುಪಾಲು ಮಾತೇ.

ಆದ್ದರಿಂದ ಮಾನಸಿಕ ಆರೋಗ್ಯ ಶುಶ್ರೂಷೆಯಲ್ಲಿ ದಿನನಿತ್ಯ ಬಳಕೆಯಾಗುವ ಮನಃಸ್ಥಿತಿ ಪರೀಕ್ಷೆಯ ನಮೂನೆಯನ್ನು ಒಂದು ಪಠ್ಯವೆಂದೇ ಓದಿ ವಿಮರ್ಶಿಸುವುದು ಅವಶ್ಯ. ರೋಗಕ್ಕೆ ಹೆಸರಿಡುವ ಅಧಿಕಾರ ವೈದ್ಯನದು, ನಿಜ. ಆದರೆ ಆ ಹೆಸರಿಗೆ ಬೇಕಾದ ಸಾಮಗ್ರಿಯ ದೊಡ್ಡ ಪಾಲನ್ನು ಕೂಡಿಸುವವಳು ಶುಶ್ರೂಷಕಿ. ರೋಗಿಯ ನಿದ್ದೆ, ಊಟ, ಮೌನ, ಅಳು, ತನ್ನಷ್ಟಕ್ಕೆ ಆಡಿಕೊಳ್ಳುವ ಮಾತು ಎಲ್ಲವೂ ಮೊದಲು ಅವಳ ಕಿವಿಗೆ ಮತ್ತು ಕಣ್ಣಿಗೆ ಬೀಳುತ್ತವೆ. ರೋಗಕ್ಕೆ ವ್ಯಕ್ತಿ ಹೇಗೆ ಪ್ರತಿಸ್ಪಂದಿಸುತ್ತಿದ್ದಾನೆ ಎಂಬುದನ್ನು ಗುರುತಿಸುವ ಶುಶ್ರೂಷಾ ನಿರ್ಣಯವಂತೂ ಪೂರ್ತಿಯಾಗಿ ಅವಳದೇ ಹೊಣೆ. ಹಿಲ್ಡೆಗಾರ್ಡ್ ಪೆಪ್ಲಾವ್ 1952ರ ತಮ್ಮ ಗ್ರಂಥದಲ್ಲಿ ಶುಶ್ರೂಷೆಯನ್ನು ಇಬ್ಬರು ವ್ಯಕ್ತಿಗಳ ನಡುವಣ ಸಂಬಂಧವೆಂದು ವಿವರಿಸಿದಾಗಿನಿಂದ ಈ ವೃತ್ತಿಯ ತಳಹದಿ ಸಂಭಾಷಣೆಯೇ ಎಂಬುದು ಒಪ್ಪಿತವಾಗಿದೆ. ಸಂಭಾಷಣೆ ಯಾವ ಭಾಷೆಯಲ್ಲಿ ಎಂಬ ಪ್ರಶ್ನೆಯನ್ನು ಮಾತ್ರ ನಮೂನೆಗಳು ಕೇಳಿಕೊಂಡಿಲ್ಲ.

ನಮೂನೆಯ ಕ್ರಮ ಎಲ್ಲರಿಗೂ ಪರಿಚಿತ: ಹೊರನೋಟ ಮತ್ತು ವರ್ತನೆ, ಮಾತು, ಭಾವ, ಆಲೋಚನೆ, ಗ್ರಹಿಕೆ, ಅರಿವು, ವಿವೇಚನೆ, ತನ್ನ ಕಾಯಿಲೆಯ ಬಗೆಗಿನ ತಿಳಿವಳಿಕೆ. ಇವುಗಳಲ್ಲಿ ಮೊದಲನೆಯದನ್ನು ಬಿಟ್ಟರೆ ಉಳಿದವೆಲ್ಲ ಮಾತಿನ ಮೂಲಕವೇ ಪರೀಕ್ಷೆಗೊಳಗಾಗುವಂಥವು. ‘ಮಾತು’ ಎಂಬ ಅಂಕಣದಲ್ಲಿ ಶುಶ್ರೂಷಕಿ ಅದರ ವೇಗ, ಪ್ರಮಾಣ, ಉತ್ತರಕ್ಕೆ ಹಿಡಿದ ಸಮಯಗಳನ್ನು ಬರೆಯಬೇಕು. ಮರಾಠಿಯನ್ನು ಸಂತೆಯ ಮಟ್ಟಿಗೆ ಬಲ್ಲ ಕನ್ನಡದ ಮುದುಕಿಯೊಬ್ಬಳು ಮರಾಠಿ ಪ್ರಶ್ನೆಗೆ ತಡೆದು ತಡೆದು ಒಂದೆರಡು ಪದಗಳಲ್ಲಿ ಉತ್ತರಿಸುತ್ತಾಳೆಂದು ಭಾವಿಸಿದರೆ, ಅಂಕಣದಲ್ಲಿ ಬೀಳುವ ಬರಹ ‘ಮಾತು ನಿಧಾನ, ಅತ್ಯಲ್ಪ’ ಎಂದಾಗುತ್ತದೆ. ಖಿನ್ನತೆಯ ಲಕ್ಷಣಪಟ್ಟಿಯಲ್ಲಿಯೂ ಇದೇ ವಾಕ್ಯವಿದೆ. ಎರಡನೆಯ ಭಾಷೆಯ ತಡವರಿಕೆಯೂ ರೋಗದ ನಿಧಾನವೂ ಕಾಗದದ ಮೇಲೆ ಒಂದೇ ಆಗಿ ಕಾಣುತ್ತವೆ. ಇವನ್ನು ಬೇರ್ಪಡಿಸಲು ಆಕೆ ತನ್ನ ಮೊಮ್ಮಗಳೊಂದಿಗೆ ಕನ್ನಡದಲ್ಲಿ ಹೇಗೆ ಮಾತನಾಡುತ್ತಾಳೆಂಬುದನ್ನು ಐದು ನಿಮಿಷ ಕೇಳಿಸಿಕೊಂಡರೆ ಸಾಕು. ನಮೂನೆಯಲ್ಲಿ ಅದಕ್ಕೆ ಜಾಗವಿಲ್ಲ.

ಭಾವ ಮತ್ತು ಆಲೋಚನೆಗಳ ಅಂಕಣಗಳಲ್ಲಿ ತೊಡಕು ಇನ್ನೂ ಸೂಕ್ಷ್ಮವಾದುದು. ಕನ್ನಡ ಮತ್ತು ಮರಾಠಿಗಳಿಗೆ ಸಂಸ್ಕೃತದಿಂದ ಬಂದ ಸಮಾನ ಪದಗಳು ಅಸಂಖ್ಯ. ಅವುಗಳ ಅರ್ಥ ಎಲ್ಲೆಡೆ ಸಮಾನವಲ್ಲ. ‘ಸಂತಾಪ’ ಕನ್ನಡದಲ್ಲಿ ದುಃಖ, ಮರಾಠಿಯಲ್ಲಿ ಸಿಟ್ಟು. ‘ಅನುಮಾನ’ ಕನ್ನಡದಲ್ಲಿ ಸಂಶಯ, ಮರಾಠಿಯಲ್ಲಿ ತರ್ಕದಿಂದ ಮಾಡಿದ ಊಹೆ. ನೆರೆಯವರ ಮೇಲೆ ತನಗೆ ಅನುಮಾನವಿದೆ ಎಂದು ಕನ್ನಡಿಗನೊಬ್ಬ ತನ್ನ ಮರಾಠಿಯಲ್ಲಿ ಹೇಳಿದರೆ ಶುಶ್ರೂಷಕಿಗೆ ತಲುಪುವುದು ಹಗುರವಾದ ಊಹೆಯ ಮಾತು. ಸಂಶಯದ ತೀವ್ರತೆ ದಾರಿಯಲ್ಲೇ ಉಳಿಯುತ್ತದೆ. ಭ್ರಾಂತಿಯನ್ನು ಗುರುತಿಸುವ ಪರೀಕ್ಷೆಯಲ್ಲಿ ಇದು ಚಿಕ್ಕ ನಷ್ಟವಲ್ಲ. ಪೂರ್ಣ ಅಪರಿಚಿತ ಭಾಷೆಯಾದರೆ ದುಭಾಷಿಯನ್ನು ಕರೆಯುತ್ತಾರೆ. ಅರ್ಧ ಪರಿಚಿತ ಭಾಷೆ ತಿಳಿದಂತೆ ಮಾಡಿ ತಪ್ಪಿಸುತ್ತದೆ. ಗಡಿಯಲ್ಲಿ ಅಪಾಯ ಇರುವುದು ಈ ಅರ್ಧ ತಿಳಿವಿನಲ್ಲಿ.

ಅಮೂರ್ತ ಆಲೋಚನೆಯನ್ನು ಗಾದೆಯ ಅರ್ಥ ಕೇಳಿ ಪರೀಕ್ಷಿಸುವ ಪದ್ಧತಿಯೂ ಹೀಗೆಯೇ. ಕೇಳಿರದ ಗಾದೆಯ ಅರ್ಥವನ್ನು ಹೇಳಲಾರದವನಲ್ಲಿ ಬುದ್ಧಿಯ ಕೊರತೆಯನ್ನು ಕಾಣುವುದು ಅನ್ಯಾಯ. ಇಲ್ಲಿ ಗಡಿಯೇ ಒಂದು ಉಪಾಯವನ್ನು ಒದಗಿಸುತ್ತದೆ. ‘ನಾಚತಾ ಯೇಈನಾ ಅಂಗಣ ವಾಕಡೇ’ ಎಂಬ ಮರಾಠಿ ಗಾದೆಗೂ ‘ಕುಣಿಯಲಾರದವಳು ನೆಲ ಡೊಂಕು ಅಂದಳು’ ಎಂಬ ಕನ್ನಡ ಗಾದೆಗೂ ಹುರುಳು ಒಂದೇ. ಇಂಥ ಜೋಡಿಗಳನ್ನು ಆಯ್ದುಕೊಂಡರೆ ಯಾವ ಮನೆಮಾತಿನವನಿಗೂ ಪರೀಕ್ಷೆ ಸಮವಾಗುತ್ತದೆ. ದಿನಾಂಕ ಕೇಳುವುದಕ್ಕೆ ಬದಲಾಗಿ ಅಮಾವಾಸ್ಯೆ ಕಳೆದು ಎಷ್ಟು ದಿನವಾಯಿತು, ಸಂತೆ ಯಾವ ವಾರ ಎಂದು ಕೇಳುವುದೂ ಕಾಲದ ಅರಿವನ್ನು ಅಳೆಯುವ ಕ್ರಮವೇ. ಇದು ಶಾಸ್ತ್ರಕ್ಕೆ ಹೊರಗಿನ ಸಲಹೆಯೇನಲ್ಲ. ಹರಿಯಾಣಾದ ಬಲ್ಲಭಗಢದಲ್ಲಿ ಓದುಬರಹವಿಲ್ಲದ ವೃದ್ಧರಿಗಾಗಿ ಮೇರಿ ಗಂಗೂಲಿ ಮತ್ತು ಸಂಗಡಿಗರು ರೂಪಿಸಿ 1995ರಲ್ಲಿ ಪ್ರಕಟಿಸಿದ ಹಿಂದಿ ಮನಃಸ್ಥಿತಿ ಪರೀಕ್ಷೆ, ಪಾಶ್ಚಾತ್ಯ ಪರೀಕ್ಷೆಯ ಪ್ರಶ್ನೆಗಳನ್ನು ಹಳ್ಳಿಯ ಬದುಕಿಗೆ ತಕ್ಕಂತೆ ಬದಲಿಸಿಕೊಂಡೇ ಮಾನ್ಯತೆ ಪಡೆಯಿತು.

ಇನ್ನು ನೋವನ್ನು ಹೇಳಿಕೊಳ್ಳುವ ನುಡಿಗಟ್ಟುಗಳು. ಈ ಭಾಗದ ಕನ್ನಡದಲ್ಲಿ ಮನಸ್ಸಿನ ನೋವು ಬಹುಮಟ್ಟಿಗೆ ಮೈಯ ಮೇಲೆ ಕೂತು ಮಾತಾಡುತ್ತದೆ: ‘ಎದ್ಯಾಗ ಧಸಕ್ ಅಂತದ’, ‘ತಲಿ ಗುಂ ಅಂತದ’, ‘ನಿದ್ದಿ ಹತ್ತವಲ್ದು’, ‘ಅನ್ನ ಸೇರವಲ್ದು’, ‘ಯಾತಕ್ಕೂ ಮನಸಾಗವಲ್ದು’. ಇವುಗಳಲ್ಲಿ ಕೊನೆಯದನ್ನು ಬಿಟ್ಟರೆ ಉಳಿದವು ದೇಹದ ದೂರುಗಳೆಂದೇ ದಾಖಲಾಗಿ, ರೋಗಿ ನೋವಿನ ಗುಳಿಗೆಯೊಂದಿಗೆ ಮನೆಗೆ ಮರಳುವ ಸಂಭವ ಹೆಚ್ಚು. ಜನರು ಹೀಗೇಕೆ ಹೇಳುತ್ತಾರೆಂಬುದಕ್ಕೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಆರ್. ರಘುರಾಂ, ಮಿಚೆಲ್ ವೈಸ್ ಮತ್ತು ಸಂಗಡಿಗರು ನಡೆಸಿ 1996ರಲ್ಲಿ ಪ್ರಕಟಿಸಿದ ಅಧ್ಯಯನ ಬೆಳಕು ಚೆಲ್ಲುತ್ತದೆ. ಖಿನ್ನತೆಯ ಲಕ್ಷಣಗಳು ಹೆಚ್ಚಿದಂತೆ ಕಳಂಕದ ಭಾವನೆಯೂ ಹೆಚ್ಚುತ್ತಿತ್ತು. ದೈಹಿಕ ದೂರುಗಳ ವಿಷಯದಲ್ಲಿ ಸಂಬಂಧ ಇದಕ್ಕೆ ವಿಲೋಮವಾಗಿತ್ತು. ಎದೆ ಧಸಕ್ಕೆನ್ನುವುದನ್ನು ಊರಲ್ಲಿ ಹೇಳಿಕೊಳ್ಳಬಹುದು. ಮನಸ್ಸು ಕೆಟ್ಟಿದೆಯೆಂದರೆ ಮಗಳ ಮದುವೆಗೆ ಅಡ್ಡಿ. ಮೈಯ ಮಾತನ್ನು ಆರಿಸಿಕೊಳ್ಳುವುದು ಅಜ್ಞಾನವಲ್ಲ, ಲೋಕವ್ಯವಹಾರ ಬಲ್ಲವರ ಎಚ್ಚರ. ಶುಶ್ರೂಷಕಿ ಈ ಎಚ್ಚರವನ್ನು ಗೌರವಿಸಿಯೇ ಅದರ ಹಿಂದಿನ ನೋವನ್ನು ಕೇಳಬೇಕಾಗುತ್ತದೆ.

ಹಾಗಾದರೆ ಬೆಂಗಳೂರಿನಿಂದ ಕನ್ನಡ ನಮೂನೆಯನ್ನು ತರಿಸಿ ತುರೋರಿಯಲ್ಲಿ ಹಂಚಿದರೆ ಸಮಸ್ಯೆ ಬಗೆಹರಿದೀತೆ? ಗಡಿಯ ಕನ್ನಡಪರ ವಾದ ಸಾಮಾನ್ಯವಾಗಿ ಇಲ್ಲಿಯೇ ನಿಂತುಬಿಡುತ್ತದೆ. ಮನೋವಿಜ್ಞಾನದ ಬರಹ ಕನ್ನಡಕ್ಕೆ ಹೊಸದಲ್ಲ. ಎಂ. ಶಿವರಾಂ ಅವರ ‘ಮನಮಂಥನ’ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆಯಿತು, ಸಿ.ಆರ್. ಚಂದ್ರಶೇಖರ್ ಅವರ ಪುಸ್ತಕಗಳು ಸಾಮಾನ್ಯ ಓದುಗರವರೆಗೆ ಈ ವಿಷಯವನ್ನು ಮುಟ್ಟಿಸಿದವು. ಇವು ಗ್ರಂಥಸ್ಥ ಕನ್ನಡದ ಸಂಪತ್ತು. ಕನ್ನಡ ಶಾಲೆಯ ಮೆಟ್ಟಿಲು ಹತ್ತದ ತುರೋರಿಯ ರೈತನಿಗೆ ‘ಖಿನ್ನತೆ’, ‘ಆಸಕ್ತಿಹೀನತೆ’ಗಳು ಮರಾಠಿಯ ‘ನೈರಾಶ್ಯ’ಕ್ಕಿಂತ ಹತ್ತಿರದವಲ್ಲ. ಪ್ರಪಂಚದಾದ್ಯಂತ ಬಳಕೆಯಲ್ಲಿರುವ, ಒಂಬತ್ತು ಪ್ರಶ್ನೆಗಳ ಖಿನ್ನತಾ ಪ್ರಶ್ನಾವಳಿ ಕನ್ನಡದಲ್ಲಿಯೂ ಮರಾಠಿಯಲ್ಲಿಯೂ ದೊರೆಯುತ್ತದೆ. ಅದು ಕಳೆದ ಎರಡು ವಾರಗಳ ಸ್ಥಿತಿಯನ್ನು ಕೇಳುತ್ತದೆ. ‘ಎರಡು ಸಂತಿ ಹಿಂದಿನಿಂದ’ ಎಂದು ಕೇಳಿದರೆ ಮಾತ್ರ ಆ ಅವಧಿಗೆ ಇಲ್ಲಿ ಅಳತೆ ಸಿಗುತ್ತದೆ. ಅದರ ಒಂಬತ್ತನೆಯ ಪ್ರಶ್ನೆ ಸತ್ತರೆ ಒಳ್ಳೆಯದೆಂಬ ಭಾವವನ್ನೂ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯನ್ನೂ ಒಂದೇ ವಾಕ್ಯದಲ್ಲಿ ಸೇರಿಸಿದೆ. ‘ದೇವರು ಕರಕೊಂಡ್ರ ಸಾಕಾಗ್ಯಾದ’ ಎಂಬುದು ಇಲ್ಲಿನ ಮುದುಕಿಯರ ಬಾಯಲ್ಲಿ ಬೇಸರದ ವಾಡಿಕೆಯ ಮಾತು ಆಗಿರಬಹುದು, ನಿಜವಾದ ಸಾವಿನ ಬಯಕೆಯೂ ಆಗಿರಬಹುದು. ‘ಯವ್ವಾ, ನಿಮಗ ನೀವಾಗೇ ಏನರ ಮಾಡ್ಕೋಬೇಕು ಅನಸ್ತದೇನ್ರಿ’ ಎಂಬ ಎರಡನೆಯ ಪ್ರಶ್ನೆಯನ್ನು ಬಿಡಿಸಿ ಕೇಳದೆ ಇವೆರಡನ್ನೂ ಬೇರ್ಪಡಿಸಲಾಗದು. ರೈತರ ಆತ್ಮಹತ್ಯೆಗಳಿಂದ ನೊಂದಿರುವ ಮರಾಠವಾಡದಲ್ಲಿ ಈ ಒಂದು ಪ್ರಶ್ನೆಯ ಭಾಷೆ ಜೀವದ ಪ್ರಶ್ನೆಯಾಗಿದೆ.

ನೆಲದ ಕನ್ನಡದಲ್ಲಿ ಪರೀಕ್ಷೆಯನ್ನು ಕಟ್ಟಬಹುದೆಂಬುದಕ್ಕೆ ಕರಾವಳಿಯಲ್ಲಿ ಪೂರ್ವೋದಾಹರಣೆಯಿದೆ. ಜಿ.ಎಂ. ಕಾರ್‌ಸ್ಟೇರ್ಸ್ ಮತ್ತು ಆರ್.ಎಲ್. ಕಪೂರ್ ಕೋಟದ ಬ್ರಾಹ್ಮಣ, ಬಂಟ ಮತ್ತು ಮೊಗವೀರ ಸಮುದಾಯಗಳಲ್ಲಿ ನಡೆಸಿದ ಸಮೀಕ್ಷೆ 1976ರಲ್ಲಿ ‘ದ ಗ್ರೇಟ್ ಯೂನಿವರ್ಸ್ ಆಫ್ ಕೋಟ’ ಎಂಬ ಗ್ರಂಥವಾಗಿ ಪ್ರಕಟವಾಯಿತು. ಅದರ ಹಿಂದೆ, 1974ರಲ್ಲಿ, ಇವರಿಬ್ಬರೊಂದಿಗೆ ಮಾಳವಿಕಾ ಕಪೂರ್ ಸೇರಿ ಭಾರತೀಯ ಪರಿಸರಕ್ಕೆಂದೇ ಸಿದ್ಧಪಡಿಸಿದ ಸಂದರ್ಶನಾವಳಿಗಳಿವೆ. ಮಾಳವಿಕಾ ಕಪೂರ್ ಕೋಟದಲ್ಲೇ ಹುಟ್ಟಿದ ಶಿವರಾಮ ಕಾರಂತರ ಮಗಳು. ಹೊರಗಿನ ಶಾಸ್ತ್ರಕ್ಕೆ ಒಳಗಿನ ಕಿವಿಯೊಂದು ಜೊತೆಯಾದದ್ದು ಆ ಕಾರ್ಯದ ಬಲ. ಆದರೆ ಅದರ ಮಿತಿಯನ್ನೂ ಗಮನಿಸಬೇಕು: ಅದು ಸಂಶೋಧಕರ ಸಾಧನ. ನೂರು ಪ್ರಶ್ನೆಗಳ ಸಂದರ್ಶನಕ್ಕೆ ಹೊರರೋಗಿ ವಿಭಾಗದ ಶುಶ್ರೂಷಕಿಗೆ ಬಿಡುವಿಲ್ಲ. ಕೋಟದಿಂದ ಗಡಿ ಕಲಿಯಬೇಕಾದದ್ದು ಪ್ರಶ್ನಾವಳಿಯನ್ನಲ್ಲ, ಅದನ್ನು ಕಟ್ಟಿದ ಕ್ರಮವನ್ನು.

ಗಡಿಗೆ ತನ್ನದೇ ಪಾಠವೂ ಇದೆ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿಯಲ್ಲಿ ಭೂಮಿ ನಡುಗಿದಾಗ ಔಸಾ ಮತ್ತು ಉಮರ್ಗಾ ತಾಲೂಕುಗಳ ಹಳ್ಳಿಗಳು ನೆಲಸಮವಾದವು. ಸತ್ತವರು ಹತ್ತು ಸಾವಿರದ ಆಸುಪಾಸು. ಬದುಕುಳಿದವರ ಮನಸ್ಸಿನ ಸ್ಥಿತಿಯನ್ನು ಕುರಿತು 1996ರಲ್ಲಿ ಪ್ರಕಟವಾದ ಪ್ರಾಥಮಿಕ ವರದಿಯೊಂದು ಪರೀಕ್ಷಿಸಿದವರಲ್ಲಿ ಅರ್ಧಕ್ಕೂ ಹೆಚ್ಚು ಜನರಲ್ಲಿ ಮನೋವ್ಯಾಧಿಯನ್ನು ಗುರುತಿಸಿತು. ಅವುಗಳಲ್ಲಿ ಆಘಾತೋತ್ತರ ಒತ್ತಡ ಮತ್ತು ಖಿನ್ನತೆ ಮುಖ್ಯವಾದವು. ಇಷ್ಟು ದೊಡ್ಡ ದುಃಖವನ್ನು ಕಂಡ ಪ್ರದೇಶದಲ್ಲಿ ಸಹಜ ಶೋಕ ಎಲ್ಲಿ ಮುಗಿದು ವ್ಯಾಧಿ ಎಲ್ಲಿ ಆರಂಭವಾಗುತ್ತದೆಂದು ತಿಳಿಯಲು, ಸತ್ತವರನ್ನು ಕುರಿತು ಇಲ್ಲಿನವರು ಹೇಗೆ ಮಾತಾಡುತ್ತಾರೆಂಬುದನ್ನು ಬಲ್ಲವರೇ ಬೇಕು. ಮಣ್ಣಾದ ಮಗ ಕನಸಿನಲ್ಲಿ ಬಂದು ಕರೆದನೆಂಬ ತಾಯಿಯ ಮಾತನ್ನು ಭ್ರಮೆಯ ಅಂಕಣದಲ್ಲಿ ಬರೆಯುವುದು ಸುಲಭ. ಅದನ್ನು ಅಲ್ಲಿ ಬರೆಯಬಾರದೆಂದು ನಿರ್ಧರಿಸಲು ಭಾಷೆಯ ಒಳಗಿನ ತಿಳಿವು ಬೇಕು.

2017ರ ಮಾನಸಿಕ ಆರೋಗ್ಯ ಕಾಯ್ದೆ ಈ ವಿಷಯದಲ್ಲಿ ಅರ್ಧ ದಾರಿ ಬಂದಿದೆ. ವ್ಯಾಧಿಯ ಸ್ವರೂಪ ಮತ್ತು ಚಿಕಿತ್ಸೆಯ ಬಗೆಗಿನ ಮಾಹಿತಿಯನ್ನು ತನಗೆ ತಿಳಿಯುವ ಭಾಷೆಯಲ್ಲಿ ಪಡೆಯುವ ಹಕ್ಕನ್ನು ಅದರ 22ನೆಯ ಕಲಮು ರೋಗಿಗೆ ಕೊಡುತ್ತದೆ. ತಿಳಿವಳಿಕೆಯ ಸಮ್ಮತಿಗೂ ಇದೇ ನಿಯಮ. ಇವೆಲ್ಲ ಹೇಳುವ ಭಾಷೆಯ ಹಕ್ಕುಗಳು. ಕೇಳುವ ಭಾಷೆಗೆ ಇಷ್ಟೇ ಸ್ಪಷ್ಟವಾದ ರಕ್ಷಣೆ ಅಲ್ಲಿಲ್ಲ. ನಿರ್ಣಯವಾದ ಮೇಲೆ ಅದನ್ನು ಕನ್ನಡದಲ್ಲಿ ತಿಳಿಸಬೇಕು. ನಿರ್ಣಯಕ್ಕೆ ಮುಂಚಿನ ಪ್ರಶ್ನೆಗಳು ರೋಗಿಗೆ ಅರ್ಥವಾಗಿದ್ದವೇ ಎಂಬುದನ್ನು ಮಾತ್ರ ಯಾರೂ ದಾಖಲಿಸಬೇಕಾಗಿಲ್ಲ. ಈ ಖಾಲಿ ಜಾಗವನ್ನು ರೂಢಿಯಲ್ಲಿ ತುಂಬುವವರು ಮನೆಯವರು. ಸೊಸೆಯ ಸಂಕಟವನ್ನು ಅತ್ತೆ, ತಾಯಿಯ ಸಾವಿನ ಮಾತನ್ನು ಮಗ ಅನುವಾದಿಸುತ್ತಾರೆ. ಮನೆಯೇ ನೋವಿನ ಮೂಲವಾದಲ್ಲಿ ಅನುವಾದಕನೇ ಪ್ರತಿವಾದಿಯಾಗಿರುತ್ತಾನೆ. ಅವನು ಬಿಟ್ಟ ಮಾತು ಕಡತಕ್ಕೆ ಸೇರುವುದೇ ಇಲ್ಲ.

ಈ ವಾದಕ್ಕೆ ಒಂದು ಗಂಭೀರ ಆಕ್ಷೇಪವುಂಟು. ಎಲ್ಲವನ್ನೂ ಭಾಷೆಯ ಮೇಲೆ, ಸಂಸ್ಕೃತಿಯ ಮೇಲೆ ಹೊರಿಸಿದರೆ ನಿಜವಾದ ರೋಗವೇ ಕೈತಪ್ಪಬಹುದು. ಕಿವಿಯಲ್ಲಿ ಬೈಗುಳ ಕೇಳಿ ಊಟ ಬಿಟ್ಟವನನ್ನು ‘ಗಾಳಿ ಬಡದದ’ ಎಂಬ ನುಡಿಗಟ್ಟಿನ ಗೌರವಕ್ಕಾಗಿ ವರ್ಷಗಟ್ಟಲೆ ಔಷಧವಿಲ್ಲದೆ ಇಡುವುದು ಭಾಷಾಭಿಮಾನವಲ್ಲ, ನಿರ್ಲಕ್ಷ್ಯ. ಆಕ್ಷೇಪ ಸರಿಯಾದುದೇ. ಮನೆಮಾತಿನಲ್ಲಿ ಕೇಳುವುದರ ಉದ್ದೇಶ ರೋಗವನ್ನು ಅಲ್ಲಗಳೆಯುವುದಲ್ಲ, ಇರುವ ರೋಗವನ್ನು ಕಂಡುಹಿಡಿದು ಇಲ್ಲದ ರೋಗವನ್ನು ಹಚ್ಚದಿರುವುದು. ‘ಗಾಳಿ’ ಎಂದವರನ್ನು ತಿದ್ದುವ ಮೊದಲು ಆ ಗಾಳಿ ಏನು ಮಾತಾಡುತ್ತದೆ, ಯಾವಾಗ ಬರುತ್ತದೆ, ಬಂದಾಗ ನಿದ್ದೆ ಊಟಗಳು ಏನಾಗುತ್ತವೆ ಎಂದು ಕೇಳುವ ಶುಶ್ರೂಷಕಿಗೆ ನಿರ್ಣಯದ ಅರ್ಧ ಸಾಮಗ್ರಿ ಅಲ್ಲಿಯೇ ದೊರೆಯುತ್ತದೆ.

ಇದಕ್ಕೆ ದೊಡ್ಡ ಯೋಜನೆಗಾಗಿ ಕಾಯಬೇಕಾಗಿಲ್ಲ. ಈಗಿರುವ ನಮೂನೆಯ ತಲೆಯಲ್ಲಿ ನಾಲ್ಕು ಸಾಲುಗಳು ಸಾಕು: ರೋಗಿಯ ಮನೆಮಾತು ಯಾವುದು, ಪ್ರಶ್ನೆಗಳನ್ನು ಯಾವ ಭಾಷೆಯಲ್ಲಿ ಕೇಳಲಾಯಿತು, ನಡುವೆ ಅನುವಾದಿಸಿದವರು ಯಾರು, ರೋಗಿಗೆ ಅವರೇನಾಗಬೇಕು, ಮುಖ್ಯ ದೂರನ್ನು ರೋಗಿ ಹೇಳಿದ ಮಾತು, ಅದೇ ಭಾಷೆಯಲ್ಲಿ, ಅದೇ ರೂಪದಲ್ಲಿ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡದಲ್ಲಿ ಮನೋಶುಶ್ರೂಷಕಿಗೆ ಸ್ಥಾನವಿದೆ; ಹಳ್ಳಿಯ ಆಶಾ ಕಾರ್ಯಕರ್ತೆಯರು ಆಯಾ ಊರಿನವರೇ, ಎರಡೂ ಭಾಷೆ ಬಲ್ಲವರು ಅವರಲ್ಲಿ ಸಿಗುತ್ತಾರೆ. ಗಡಿಕನ್ನಡದ ನೋವಿನ ನುಡಿಗಟ್ಟುಗಳನ್ನು ಕೂಡಿಸಿ, ಮರಾಠಿ ಅರ್ಥದೊಂದಿಗೆ ಒಂದು ಕಿರುಪಟ್ಟಿಯಾಗಿ ಕೊಡುವುದು ಭಾಷಾ ಸಂಶೋಧಕರ ಪಾಲಿನ ಕೆಲಸ. ಉಪಭಾಷೆಯ ಅಧ್ಯಯನ ಇದುವರೆಗೆ ಧ್ವನಿ ವ್ಯತ್ಯಾಸ, ವಿಭಕ್ತಿ ಪ್ರತ್ಯಯಗಳನ್ನು ಶ್ರದ್ಧೆಯಿಂದ ಪಟ್ಟಿಮಾಡುತ್ತ ಬಂದಿದೆ. ‘ನಿದ್ದಿ ಹತ್ತವಲ್ದು’ ಎಂಬಲ್ಲಿ ಕ್ರಿಯಾಪದದ ರೂಪವನ್ನು ಗುರುತಿಸಿದವರು, ಎಷ್ಟು ದಿನದಿಂದ ಹತ್ತವಲ್ದು ಎಂಬುದನ್ನು ಕೇಳಬೇಕಾದ ಶುಶ್ರೂಷಕಿಗೂ ಆ ವಾಕ್ಯವನ್ನು ತಲುಪಿಸಬೇಕಾಗಿದೆ.