ತಮಟೆ ಕಾಯಿಸುವವರು

ಪುಷ್ಯ ಮಾಸದ ಘಾಟಿ ಸುಬ್ರಹ್ಮಣ್ಯದ ತೇರಿನಿಂದ ಹಿಡಿದು ಯುಗಾದಿ ಕಳೆದ ಮೇಲಿನ ಊರಹಬ್ಬಗಳವರೆಗೆ, ದೊಡ್ಡಬಳ್ಳಾಪುರ, ದೇವನಹಳ್ಳಿ ಕಡೆಯ ತಮಟೆ ತಂಡಗಳಿಗೆ ಬಿಡುವು ಕಡಿಮೆ. ಮ್ಯಾನೇಜರ್ ಇಲ್ಲ, ಸೌಂಡ್ ಚೆಕ್ ಇಲ್ಲ. ಟೆಂಪೊಗೆ ಹತ್ತುವುದು ತಮಟೆ, ಗೆಜ್ಜೆ, ಪೇಟ, ಮುರಿದರೆ ಇರಲಿ ಎಂದು ಒಂದು ಕಟ್ಟು ಕಡ್ಡಿ, ಜೊತೆಗೆ ಒಣಹುಲ್ಲು, ಬೆಂಕಿಪೊಟ್ಟಣ.

ಆ ಹುಲ್ಲಿನಲ್ಲೇ ಇದೆ ಕಸುಬು. ಮಂಜು ಬಿದ್ದ ಬೆಳಗ್ಗೆ ಚರ್ಮ ಸಡಿಲಾಗಿ ತಮಟೆ ಬದ್ ಬದ್ ಅನ್ನುತ್ತದೆ. ಹುಲ್ಲಿಗೆ ಬೆಂಕಿ ಹಚ್ಚಿ, ತಮಟೆಯನ್ನು ಉರಿಯ ಮುಂದೆ ಓರೆಯಾಗಿ ಹಿಡಿದು ನಿಧಾನಕ್ಕೆ ತಿರುಗಿಸುತ್ತಾರೆ. ಒಂದೇ ಕಡೆ ಕಾದರೆ ಚರ್ಮ ಬಿರಿಯುತ್ತದೆ; ಅಂಚಿಗೂ ನಡುವಿಗೂ ಬಿಸಿ ಸಮನಾಗಿ ತಾಗಬೇಕು. ನಡುನಡುವೆ ಬೆರಳಿನಿಂದ ಮೀಟಿ ಕಿವಿಗೊಡುತ್ತಾರೆ. ಹದ ಬಂದಾಗ ದನಿ ಕಂಚಿನ ತಟ್ಟೆಯಂತೆ ಟಣ್ಣೆನ್ನುತ್ತದೆ. ಪಕ್ಕದವನ ತಮಟೆಗೂ ಹೊಂದಬೇಕು, ಇಲ್ಲದಿದ್ದರೆ ಮತ್ತೆ ಬೆಂಕಿಗೆ. ಬಲಗೈಯ ಗಿಡ್ಡ ದಪ್ಪ ಕೋಲು ಗುದ್ದು ಕೊಟ್ಟರೆ, ಎಡಗೈಯ ತೆಳು ಕಡ್ಡಿ ಅದರ ಸಂದಿನಲ್ಲಿ ಚಿಟಪಟ ತುಂಬುತ್ತದೆ.

ಈಗ ಫೈಬರ್ ತಮಟೆ ಬಂದಿದೆ. ಬೋಲ್ಟ್ ತಿರುಗಿಸಿದರಾಯಿತು, ಮಳೆಗೂ ಜಗ್ಗದು. ದೂರದೂರಿಗೆ ಹೋಗುವವರಿಗೆ ಅದು ಅನುಕೂಲವೇ, ತಕರಾರಿಲ್ಲ. ಆದರೂ ಚರ್ಮದ ದನಿಗೆ ಎದೆ ಅದುರುವ ಹಾಗೆ ಇದಕ್ಕೆ ಅದುರದು.

ನೆರೆಯ ಶಿಡ್ಲಘಟ್ಟ ತಾಲ್ಲೂಕಿನ ಪಿಂಡಿಪಾಪನಹಳ್ಳಿಯ ತಮಟೆ ಕಲಾವಿದ ಮುನಿವೆಂಕಟಪ್ಪನವರಿಗೆ 2023ರಲ್ಲಿ ಪದ್ಮಶ್ರೀ ಬಂತು. ಸಾವಿನ ಮನೆಯ ವಾದ್ಯವೆಂದು ಬಹುಕಾಲ ದೂರವಿಟ್ಟಿದ್ದ ತಮಟೆಗೆ ಸಂದ ಗೌರವ ಅದು; ತಡವಾಗಿ ಬಂತು ಅನ್ನುವುದು ನನ್ನ ಲೆಕ್ಕ.